36ನೇ ವಯಸ್ಸಿನಲ್ಲಿ ಆಟಿಸಂ ಪರೀಕ್ಷೆ ಮಾಡಿಸಬೇಕು ಅಂತಿದ್ದೇನೆ, ಕೊಪ್ಪಳ ಕಡೆಯವರು ಎಲ್ಲಿಗೆ ಹೋಗಬೇಕು?

ಗಂಗಾವತಿಯವ

ನಮಸ್ಕಾರ ಎಲ್ಲರಿಗೂ. ಊರು ಗಂಗಾವತಿ, ವಯಸ್ಸು 36. ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಮದುವೆಯಾಗಿ 8 ವರ್ಷ, ಒಬ್ಬಳು ಮಗಳು. ಇದು ಇಷ್ಟು ದಿನ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳದ ವಿಷಯ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಅಕ್ಕನ ಮಗನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವನಿಗೆ 4 ವರ್ಷ, ಮಾತು ಇನ್ನೂ ಸರಿಯಾಗಿ ಬಂದಿರಲಿಲ್ಲ. ಡಾಕ್ಟರ್ ಅಕ್ಕನನ್ನು ಒಂದೊಂದೇ ಕೇಳುತ್ತಾ ಹೋದರು. ಹೆಸರು ಹಿಡಿದು ಕರೆದರೆ ತಿರುಗುತ್ತಾನಾ? ಸಾಮಾನು ಸಾಲಾಗಿ ಜೋಡಿಸುತ್ತಾನಾ? ದಿನಾ ಹೋಗುವ ದಾರಿ ಬಿಟ್ಟು ಬೇರೆ ದಾರಿ ಹಿಡಿದರೆ ಅಳುತ್ತಾನಾ? ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನಾ? ಅಕ್ಕ ಹೂಂ, ಹೂಂ ಅನ್ನುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನಗೆ ಅಂಗೈ ಬೆವರಿತು. ಅವರು ಕೇಳಿದ್ದೆಲ್ಲಾ ನನ್ನ ವಿಷಯವೇ ಅನ್ನಿಸಿತು. ಅವನಿಗೆ ಆಟಿಸಂ ಅಂದರು, ಅಂದರೆ ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿ ಬೇರೆ ಇದ್ದು, ಜನರ ಜೊತೆ ಬೆರೆಯುವುದು ಕಷ್ಟ ಆಗುವುದು.

ಅವತ್ತಿನಿಂದ ನಿದ್ದೆ ಸರಿಯಾಗಿಲ್ಲ. ಸಣ್ಣವನಿದ್ದಾಗ ನಾನು ಬೇರೆ ಹುಡುಗರ ಜೊತೆ ಆಡಿದ್ದು ಕಡಿಮೆ. ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಹೊರಡುವ ಬಸ್ಸುಗಳ ಟೈಮ್ ಪೂರ್ತಿ ಬಾಯಿಪಾಠ ಇತ್ತು, ಯಾರು ಕೇಳಲಿ ಬಿಡಲಿ ಹೇಳುತ್ತಿದ್ದೆ. ಬನಿಯನ್ ಹಿಂದಿನ ಲೇಬಲ್ ಕತ್ತರಿಸದೆ ಇವತ್ತಿಗೂ ಹಾಕಿಕೊಳ್ಳುವುದಿಲ್ಲ. ಮಿಲ್ಲಿನಲ್ಲಿ ಪಾಲಿಶರ್ ಶುರುವಾದರೆ ಬೇರೆಯವರು ಅದರ ಮೇಲೇ ಕೂಗಿ ಮಾತಾಡುತ್ತಾರೆ. ನನಗೆ ಮಾತ್ರ ಎದುರಿನವರ ಬಾಯಿ ಆಡುವುದು ಕಾಣುತ್ತದೆ, ಮಾತು ತಲೆಗೆ ಹೋಗುವುದಿಲ್ಲ. ಹತ್ತಿ ಇಟ್ಟುಕೊಂಡು ಕೂತರೆ ಹಮಾಲರು ‘ಸಾವ್ಕಾರ್ರಿಗೆ ಕಿವಿ ನೋವೇನ್ರಿ’ ಅಂತಾರೆ. ಸುಗ್ಗಿ ಟೈಮಿನಲ್ಲಿ ನೆಲ್ಲಿನ ಲಾರಿಗಳು ಒಂದರ ಹಿಂದೆ ಒಂದು ಬಂದು, ತೂಕದ ಚೀಟಿ ಹಿಡಿದು ಐದಾರು ಜನ ಒಟ್ಟಿಗೆ ಮಾತಾಡಿಸಿದರೆ ನನ್ನ ಬಾಯಿಯೇ ಕಟ್ಟಿಬಿಡುತ್ತದೆ. ಸಿಟ್ಟು ಅಲ್ಲ, ಮಾತು ಬರುವುದಿಲ್ಲ ಅಷ್ಟೇ. ಗೋಡೌನ್ ಹಿಂದೆ ಹೋಗಿ ಹತ್ತು ನಿಮಿಷ ನಿಂತು ಬರುತ್ತೇನೆ.

ಲೆಕ್ಕ ಮಾತ್ರ ಇಲ್ಲಿಯವರೆಗೆ ಒಂದು ಪೈಸೆ ತಪ್ಪಿಲ್ಲ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ.

ಮನೆಯಲ್ಲಿ ಕಷ್ಟ ಆಗುತ್ತಿರುವುದು ಹೆಂಡತಿಗೆ. ‘ನನ್ನ ಮುಖ ನೋಡಿ ಮಾತಾಡಿ’ ಅಂತ ಎಂಟು ವರ್ಷದಿಂದ ಕೇಳುತ್ತಿದ್ದಾಳೆ. ಅವಳ ತಂದೆ ತೀರಿಕೊಂಡಾಗ ನಾನು ಖರ್ಚಿನ ಪಟ್ಟಿ ಬರೆಯುತ್ತಾ ಕೂತಿದ್ದೆನಂತೆ. ನನಗೆ ದುಃಖ ಇತ್ತು. ಹೇಗೆ ತೋರಿಸುವುದು ಅಂತ ಗೊತ್ತಾಗಲಿಲ್ಲ, ಪಟ್ಟಿ ಬರೆದರೆ ಅವಳಿಗೆ ಅನುಕೂಲ ಅಂದುಕೊಂಡೆ. ಆ ನೋವು ಅವಳಿಗೆ ಇನ್ನೂ ಹೋಗಿಲ್ಲ.

ಎರಡು ತಿಂಗಳ ಹಿಂದೆ ಧೈರ್ಯ ಮಾಡಿ ಒಬ್ಬ ಡಾಕ್ಟರ್ ಹತ್ತಿರ ಒಬ್ಬನೇ ಹೋದೆ. ಐದು ನಿಮಿಷ ಕೇಳಿ, ‘ನಿಮಗೆ ಮದುವೆಯಾಗಿದೆ, ಕೆಲಸ ಇದೆ, ಆಟಿಸಂ ಹೇಗಾಗುತ್ತೆ, ಅದು ಮಕ್ಕಳಿಗೆ ಬರೋದು’ ಅಂದರು. ನಿದ್ದೆ ಮಾತ್ರೆ ಬರೆದು ಕಳಿಸಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ಅಳು ಬಂತು.

ನನ್ನ ಪ್ರಶ್ನೆ ಇಷ್ಟು. ದೊಡ್ಡವರಿಗೆ ಇದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಬೆಂಗಳೂರಿಗೇ ಹೋಗಬೇಕಾ? ಏನೇನು ತೆಗೆದುಕೊಂಡು ಹೋಗಬೇಕು? ಕೆಲಸಕ್ಕೆ, ಮುಂದೆ ಮಗಳ ಮದುವೆಗೆ ತೊಂದರೆ ಆಗುತ್ತಾ? ತಮ್ಮ ‘ಈಗ ಗೊತ್ತಾಗಿ ಏನು ಮಾಡ್ತಿ’ ಅಂತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಗೊತ್ತಾಗಬೇಕು ಅನ್ನಿಸುತ್ತಿದೆ.


ಕುಷ್ಟಗಿ ಮಾಸ್ತರ

ತಮ್ಮಾ, ನಿಮ್ಮ ಬರಹ ಎರಡು ಸಲ ಓದಿದೆ. ನಾನು 31 ವರ್ಷ ಪ್ರೈಮರಿ ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನ್ನಿಸಿದ್ದು ಹೇಳುತ್ತೇನೆ.

ನೀವು ದುಡಿಯುತ್ತಿದ್ದೀರಿ, ಸಂಸಾರ ನಡೆಸುತ್ತಿದ್ದೀರಿ, ಕುಡಿತ ಇಲ್ಲ, ಇಸ್ಪೀಟು ಇಲ್ಲ. ನಮ್ಮ ಕಡೆ ಇಂಥವರನ್ನು ‘ತಾನಾಯಿತು ತನ್ನ ಕೆಲಸವಾಯಿತು’ ಅಂತ ಮೆಚ್ಚುತ್ತಾರೆ. ಅದಕ್ಕೆ ಒಂದು ರೋಗದ ಹೆಸರು ಯಾಕೆ ಬೇಕು? ಒಂದು ಸಲ ಹೆಸರು ಅಂಟಿತು ಅಂದರೆ ನಮ್ಮ ಊರುಗಳಲ್ಲಿ ಅದು ಬಿಡುವುದಿಲ್ಲ. ನಾಳೆ ಮಗಳಿಗೆ ವರ ನೋಡುವಾಗ ಯಾರೋ ಒಬ್ಬರು ಆಡಿಕೊಳ್ಳುತ್ತಾರೆ. ಹೆಂಡತಿಯ ಜೊತೆ ಕೂತು ಮನಸ್ಸು ಬಿಚ್ಚಿ ಮಾತಾಡಿ. ಅದು ಸಾಕು ಅಂತ ನನಗೆ ಅನ್ನಿಸುತ್ತದೆ.


ಬಳ್ಳಾರಿ ಕೋಟೆ ಓಣಿ

ಮಾಸ್ತರ್ರೇ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದರೆ ‘ಮನಸ್ಸು ಬಿಚ್ಚಿ ಮಾತಾಡಿ’ ಅನ್ನುವುದೇ ನಮ್ಮಂಥವರಿಗೆ ಆಗದ ಕೆಲಸ. ಅಲ್ಲೇ ಇರೋದು ತೊಂದರೆ.

ಗಂಗಾವತಿ ತಮ್ಮಾ, ನಾನು ಬಳ್ಳಾರಿಯವಳು. ನನಗೆ ಗೊತ್ತಾಗಿದ್ದು 38ಕ್ಕೆ, ಈಗ 41. ಅದಕ್ಕೂ ಮುಂಚೆ 12 ವರ್ಷ ಒಮ್ಮೆ ಡಿಪ್ರೆಶನ್ ಅಂದರು, ಒಮ್ಮೆ ಆತಂಕ ಅಂದರು, ಒಬ್ಬರು ‘ಹಟ’ ಅಂತಲೂ ಅಂದರು. ಮಾತ್ರೆ ತಗೊಂಡಾಗ ಅಳು ಕಡಿಮೆಯಾಯಿತು. ಆದರೆ ಮದುವೆ ಮನೆಗೆ ಹೋಗಿ ಬಂದು ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗುವುದು ತಪ್ಪಲಿಲ್ಲ.

ಹೆಂಗಸರಲ್ಲಿ ಇದನ್ನು ಗುರುತಿಸುವುದು ಇನ್ನೂ ತಡ. ಯಾಕೆ ಅಂದರೆ ನಮಗೆ ಸಣ್ಣಂದಿನಿಂದಲೇ ಕಲಿಸುತ್ತಾರೆ. ಬಂದವರನ್ನು ನಗುತ್ತಾ ಮಾತಾಡಿಸು, ‘ಊಟ ಆಯ್ತಾ’ ಕೇಳು, ಕುಂಕುಮ ಕೊಡು. ನಾನು ಅದನ್ನೆಲ್ಲಾ ಪಾಠದ ಹಾಗೆ ಕಲಿತೆ. ಅತ್ತಿಗೆ ಹೇಗೆ ನಗುತ್ತಾಳೆ ಅಂತ ನೋಡಿ ಕನ್ನಡಿ ಮುಂದೆ ಹಾಗೇ ನಕ್ಕು ನೋಡಿದ್ದೇನೆ. ಯಾರಾದರೂ ಮನೆಗೆ ಬರುತ್ತಾರೆ ಅಂದರೆ ಹಿಂದಿನ ರಾತ್ರಿಯೇ ಏನು ಕೇಳುತ್ತಾರೆ, ನಾನೇನು ಹೇಳಬೇಕು ಅಂತ ಮನಸ್ಸಲ್ಲೇ ಓಡಿಸುತ್ತಿದ್ದೆ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಒಳಗೆ ಜೀವ ಸವೆಯುತ್ತದೆ.

ಪರೀಕ್ಷೆ ಹೇಗಿತ್ತು ಅಂತ ಹೇಳುತ್ತೇನೆ, ನಿಮಗೆ ಭಯ ಕಡಿಮೆಯಾಗಲಿ. ರಕ್ತ ತೆಗೆಯುವುದಿಲ್ಲ. ಇದನ್ನು ತೋರಿಸುವ ಸ್ಕ್ಯಾನ್ ಇಲ್ಲ. ಪೂರ್ತಿ ಮಾತು, ನೆನಪು ಮತ್ತು ಅವರು ನಮ್ಮನ್ನು ನೋಡುವುದು. ನನಗೆ ಮೂರು ಸಲ ಕರೆದರು. ಮೊದಲ ಸಲ ಮನೋವೈದ್ಯರು ಈಗಿನ ಕಷ್ಟ ಕೇಳಿದರು. ಎರಡನೇ ಸಲ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ, ಅಂದರೆ ಮಾತ್ರೆ ಕೊಡದೆ ಮಾತು, ಪ್ರಶ್ನೆಗಳಿಂದ ಮನಸ್ಸಿನ ಪರೀಕ್ಷೆ ಮಾಡುವವರ ಜೊತೆ, ಸುಮಾರು ಎರಡೂವರೆ ಗಂಟೆ. ಚಿತ್ರಗಳನ್ನು ಕೊಟ್ಟು ಕಥೆ ಹೇಳಿ ಅಂದರು. ಸ್ನೇಹಿತೆ ಅಂದರೆ ಯಾರು, ಬರೀ ಪರಿಚಯದವಳಿಗೂ ಅವಳಿಗೂ ಏನು ವ್ಯತ್ಯಾಸ ಅಂತ ಕೇಳಿದರು. ಆ ಪ್ರಶ್ನೆಗೆ ನಾನು ತುಂಬಾ ಹೊತ್ತು ಸುಮ್ನೆ ಕೂತೆ. ಅವರು ಅವಸರ ಮಾಡಲಿಲ್ಲ. ಮೂರನೇ ಸಲ ಅಮ್ಮನನ್ನು ಕರೆದುಕೊಂಡು ಬನ್ನಿ ಅಂದರು.

ಇದೇ ದೊಡ್ಡ ವಿಷಯ, ತಮ್ಮಾ. ಆಟಿಸಂ ಹುಟ್ಟಿನಿಂದ ಇರುವುದು, 30ಕ್ಕೆ ಬರುವುದಲ್ಲ. ಹಾಗಾಗಿ ಸಣ್ಣವರಿದ್ದಾಗಲೂ ಇತ್ತು ಅನ್ನುವುದು ಅವರಿಗೆ ಗೊತ್ತಾಗಬೇಕು. ನಮ್ಮ ಬಾಲ್ಯ ನಮಗಿಂತ ನಮ್ಮನ್ನು ಸಾಕಿದವರಿಗೆ ಗೊತ್ತು. ನಿಮ್ಮ ತಾಯಿ ಇದ್ದಾರಾ? ಇದ್ದರೆ ತಡ ಮಾಡಬೇಡಿ. ನನ್ನ ಅಮ್ಮ ಪರೀಕ್ಷೆ ಮುಗಿದ ಮುಂದಿನ ವರ್ಷವೇ ಹೋದರು. ಅವರು ಅವತ್ತು ಬರದೇ ಇದ್ದಿದ್ದರೆ ನಾನು ಮೂರು ವರ್ಷದವಳಿದ್ದಾಗಿನ ಕಥೆ ಹೇಳುವವರು ಯಾರೂ ಇರುತ್ತಿರಲಿಲ್ಲ.

ತಗೊಂಡು ಹೋಗಲು, ಹಳೇ ಶಾಲೆಯ ಪ್ರೋಗ್ರೆಸ್ ಕಾರ್ಡ್ ಇದ್ದರೆ ಹುಡುಕಿ. ಅಂಕಕ್ಕಲ್ಲ, ಕೆಳಗೆ ಮಾಸ್ತರು ಒಂದು ಸಾಲು ಬರೆದಿರುತ್ತಾರಲ್ಲ, ಅದಕ್ಕೆ. ನನ್ನ ನಾಲ್ಕನೇ ಕ್ಲಾಸಿನ ಕಾರ್ಡಿನಲ್ಲಿ ‘ಯಾರೊಂದಿಗೂ ಬೆರೆಯುವುದಿಲ್ಲ’ ಅಂತ ಇತ್ತು. ಇನ್ನೊಂದು, ನೀವು ಇಲ್ಲಿ ಬರೆದಿದ್ದೀರಲ್ಲ, ಪಾಲಿಶರ್ ಶಬ್ದ, ಲಾರಿ ಬಂದಾಗ ಬಾಯಿ ಕಟ್ಟುವುದು, ಖರ್ಚಿನ ಪಟ್ಟಿ, ಇದನ್ನು ಹೀಗೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ್ ಮುಂದೆ ಕೂತಾಗ ನಮಗೆ ಬಾಯಿ ಬರುವುದಿಲ್ಲ. ಹಾಳೆ ಮಾತಾಡುತ್ತದೆ.

ಗೊತ್ತಾಗಿ ಏನಾಯಿತು ಅಂದರೆ, ನಾನು ಮದುವೆ ಮನೆಗೆ ಈಗಲೂ ಹೋಗುತ್ತೇನೆ. ಅಕ್ಷತೆ ಹೊತ್ತಿಗೆ ಹೋಗಿ, ಮೊದಲ ಪಂಕ್ತಿಯಲ್ಲಿ ಉಂಡು ಬರುತ್ತೇನೆ. ಬ್ಯಾಂಡ್ ಶುರುವಾಗುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಮೊದಲು ಇದಕ್ಕೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಈಗ ಬೈದುಕೊಳ್ಳುವುದಿಲ್ಲ.


ತೋರಣಗಲ್ಲು ಶಿಫ್ಟ್

ಅಣ್ಣಾ, ನನ್ನ ಕಥೆ ಬೇರೆ ಥರ ಮುಗಿಯಿತು, ಅದಕ್ಕೇ ಹೇಳಬೇಕು ಅನ್ನಿಸಿತು.

ನನಗೂ ಪಕ್ಕಾ ಆಟಿಸಂ ಅಂತಲೇ ಅನ್ನಿಸಿತ್ತು. ಮೊಬೈಲಿನಲ್ಲಿ 50 ಪ್ರಶ್ನೆಗಳ ಪರೀಕ್ಷೆ ಇದೆ, ಎಕ್ಯೂ ಅಂತಾರೆ, 2001ರಲ್ಲಿ ಕೇಂಬ್ರಿಡ್ಜ್‌ನವರು ಮಾಡಿದ್ದು. 32 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪರೀಕ್ಷೆ ಮಾಡಿಸೋದು ಒಳ್ಳೆಯದು ಅಂತ. ನನಗೆ 36 ಬಂತು. ಒಂದು ರಾತ್ರಿ ಶಿಫ್ಟಿನಲ್ಲಿ ಕೂತು ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ 32ರ ಮೇಲೆ. ಅದರಲ್ಲಿ ಪಾರ್ಟಿಗೆ ಹೋಗೋದಕ್ಕಿಂತ ಲೈಬ್ರರಿಗೆ ಹೋಗೋದು ಇಷ್ಟವಾ ಅಂತ ಒಂದು ಪ್ರಶ್ನೆ ಇದೆ. ನಮ್ಮ ಊರಲ್ಲಿ ಪಾರ್ಟಿ ಅಂದರೆ ಒಂದು ಅರ್ಥ, ಲೈಬ್ರರಿಗೆ ಹೋಗುವವರೇ ಕಡಿಮೆ. ನಾನು ಪಾರ್ಟಿ ಅನ್ನೋ ಕಡೆ ‘ಜಾತ್ರೆ’ ಅಂತ ಓದಿಕೊಂಡು ಉತ್ತರ ಕೊಟ್ಟೆ. ಅಂದರೆ ಆ ಅಂಕವನ್ನು ಎಷ್ಟು ನಂಬಬೇಕು ನೋಡಿ.

ಆಮೇಲೆ ಸರಿಯಾದವರ ಹತ್ತಿರ ಹೋದೆ. ಅವರು ಅಪ್ಪ ಅವ್ವ ಇಬ್ಬರನ್ನೂ ಕೇಳಿದರು. ನಾನು ಏಳನೇ ಕ್ಲಾಸಿನವರೆಗೆ ಓಣಿಯಲ್ಲೆಲ್ಲಾ ಕುಣಿದಾಡಿಕೊಂಡಿದ್ದವನಂತೆ, ಗೆಳೆಯರು ಬೇಕಾದಷ್ಟು. ಆಮೇಲೆ ಹಾಸ್ಟೆಲ್ಲಿಗೆ ಹಾಕಿದರು. ಅಲ್ಲಿ ನನಗೆ ತೊದಲು ಶುರುವಾಯಿತು, ಹುಡುಗರು ಆಡಿಕೊಂಡರು, ಆವತ್ತಿನಿಂದ ಜನ ಅಂದರೆ ಭಯ. ಅದು ಸೋಶಿಯಲ್ ಆಂಗ್ಸೈಟಿ ಅಂತ ಹೇಳಿದರು. ಜನರ ಜೊತೆ ಹೇಗಿರಬೇಕು ಅಂತ ನನಗೆ ಗೊತ್ತು, ಆದರೆ ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆಗೆ ಆಗುತ್ತಿರಲಿಲ್ಲ. ನಿಮ್ಮದು, ಬಳ್ಳಾರಿ ಅಕ್ಕಂದು ಓದಿದರೆ ಹಾಗಿಲ್ಲ.

ಮೊದಲು ನನಗೆ ಬೇಜಾರಾಯಿತು, ನಿಜ ಹೇಳುತ್ತೇನೆ. ಒಂದು ವರ್ಷದಿಂದ ಅದೇ ಉತ್ತರ ಅಂತ ಹಿಡಿದುಕೊಂಡಿದ್ದೆ. ಆದರೆ ನನಗೆ ಬೇಕಾಗಿದ್ದ ಚಿಕಿತ್ಸೆ ಬೇರೆ ಇತ್ತು, ಅದು ಸಿಕ್ಕಿತು, ಈಗ ಕ್ಯಾಂಟೀನಿನಲ್ಲಿ ನಾಲ್ಕು ಜನರ ಜೊತೆ ಕೂತು ಉಣ್ಣುತ್ತೇನೆ. ಹಾಗಾಗಿ ಅಣ್ಣಾ, ‘ನನಗೆ ಆಟಿಸಂ ಇದೆ ಅಂತ ಬರೆದುಕೊಡಿ’ ಅಂತ ಹೋಗಬೇಡಿ. ‘ನನಗೆ ಹೀಗಾಗುತ್ತೆ, ಯಾಕೆ ಅಂತ ನೋಡಿ’ ಅಂತ ಹೋಗಿ.


ಗಂಗಾವತಿಯವ

ಅಕ್ಕಾ, ತಮ್ಮಾ, ತುಂಬಾ ಥ್ಯಾಂಕ್ಸ್. ಮಾಸ್ತರ್ರೇ, ನಿಮ್ಮ ಮಾತಿಗೂ ಬೇಜಾರಿಲ್ಲ.

ಅವ್ವ ಇದ್ದಾಳೆ, ವಯಸ್ಸು 64. ಅವಳಿಗೆ ಹೇಗೆ ಹೇಳೋದು ಅಂತಲೇ ಗೊತ್ತಾಗುತ್ತಿಲ್ಲ. ಅಕ್ಕನ ಮಗನ ವಿಷಯ ಗೊತ್ತಾದಾಗ ಒಂದು ವಾರ ಅನ್ನ ಸರಿಯಾಗಿ ಉಣ್ಣಲಿಲ್ಲ. ಈಗ ನನ್ನದೂ ಅಂದರೆ?

ಇನ್ನೊಂದು. ಅಂಗವಿಕಲರ ಸರ್ಟಿಫಿಕೇಟ್ ಮಾಡಿಸಬೇಕಾಗುತ್ತಾ? ಅದು ಬೇಡ ಅಂತ ಹೆಂಡತಿ ಹೇಳಿದ್ದಾಳೆ. ಪರೀಕ್ಷೆಗೆ ಮಾತ್ರ ಒಪ್ಪಿದ್ದಾಳೆ, ಜೊತೆಗೆ ಬರುತ್ತಾಳಂತೆ.


ರಾಯಚೂರು ಆಪ್ತ ಸಲಹೆ

ಸರ್, ನಾನು ರಾಯಚೂರಿನಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ದಾರಿ ಗೊತ್ತಿರುವವಳು ಅಂದುಕೊಳ್ಳಿ.

ಮೊದಲು ಸರ್ಟಿಫಿಕೇಟ್ ವಿಷಯ, ಯಾಕಂದರೆ ಎಲ್ಲರೂ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಡಯಾಗ್ನೋಸಿಸ್ (ಏನಿದೆ ಅಂತ ಡಾಕ್ಟರ್ ಗುರುತಿಸಿ ಹೇಳುವುದು) ಬೇರೆ, ಸರ್ಟಿಫಿಕೇಟ್ ಬೇರೆ. ಡಯಾಗ್ನೋಸಿಸ್ ನಿಮಗೂ ಡಾಕ್ಟರಿಗೂ ನಡುವಿನ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅದನ್ನು ಗುಟ್ಟಾಗಿ ಇಡುವುದು ಅವರ ಕರ್ತವ್ಯ. ನಿಮ್ಮ ದಾಖಲೆ ಕೇಳಿ ಪಡೆಯುವ ಹಕ್ಕು ನಿಮಗಿದೆ. ಮಿಲ್ಲಿನವರಿಗೆ ಹೇಳಲೇಬೇಕು ಅಂತಿಲ್ಲ, ಬೀಗರಿಗೆ ಹೇಳಲೇಬೇಕು ಅಂತಲೂ ಇಲ್ಲ. ಸರ್ಟಿಫಿಕೇಟ್ ಸರ್ಕಾರದ ಸೌಲಭ್ಯ ಬೇಕು ಅನ್ನುವವರಿಗೆ. ಯುಡಿಐಡಿ ಕಾರ್ಡ್ ಅಂತ, ಅಂಗವಿಕಲರ ಗುರುತಿನ ಚೀಟಿ, ಕೇಳಿರುತ್ತೀರಿ, ಅದಕ್ಕೆ ಅರ್ಜಿ ಹಾಕಿದರೆ ಮಾತ್ರ ಸರ್ಕಾರಿ ಆಸ್ಪತ್ರೆಯವರು ಪರೀಕ್ಷಿಸಿ ಎಷ್ಟು ಪರ್ಸೆಂಟ್ ಅಂತ ಬರೆಯುತ್ತಾರೆ. ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಆಗಬೇಕು. ನೀವು ಅರ್ಜಿ ಹಾಕದಿದ್ದರೆ ಯಾರೂ ಬಂದು ಹಾಕಿಸುವುದಿಲ್ಲ.

ಸರ್ಟಿಫಿಕೇಟಿಗೆ ಬಳಸುತ್ತಾ ಬಂದ ಅಳತೆ ಐಸಾ ಅಂತ, ನಮ್ಮ ದೇಶದಲ್ಲೇ, ಸಿಕಂದರಾಬಾದಿನ ಸಂಸ್ಥೆಯವರು ತಯಾರಿಸಿದ್ದು. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ, 70ರ ಕೆಳಗೆ ಬಂದರೆ ಆಟಿಸಂ ಇಲ್ಲ ಅಂತ ಲೆಕ್ಕ. ಅದನ್ನು ಮಕ್ಕಳನ್ನು ಮನಸ್ಸಲ್ಲಿಟ್ಟುಕೊಂಡೇ ಹೆಚ್ಚಾಗಿ ಮಾಡಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಹಾಗೆ ಮಾತು, ಓದು, ಲೆಕ್ಕ ಎಲ್ಲಾ ಬರುವ ದೊಡ್ಡವರ ಕಷ್ಟ ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಹಾಗಾಗಿ ಅದರಲ್ಲಿ ಕಡಿಮೆ ಬಂತು ಅಂದ ಮಾತ್ರಕ್ಕೆ ಎದೆ ಒಡೆದುಕೊಳ್ಳಬೇಡಿ.

ಎಲ್ಲಿಗೆ ಹೋಗಬೇಕು ಅಂದರೆ, ನೇರ ಬೆಂಗಳೂರಿಗೆ ಓಡುವುದು ಬೇಡ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರುತ್ತದೆ, ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ಯಾವ ವಾರ ಯಾವ ತಾಲ್ಲೂಕು ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ. ಅಲ್ಲಿ ಪೂರ್ತಿ ಪರೀಕ್ಷೆ ಆಗುವುದಿಲ್ಲ, ಆದರೆ ಮುಂದೆ ಎಲ್ಲಿಗೆ ಅಂತ ಚೀಟಿ ಬರೆದುಕೊಡುತ್ತಾರೆ. ಚೀಟಿ ಹಿಡಿದು ಹೋದರೆ ಮೊದಲ ಬಾಗಿಲು ಸುಲಭ. ಕೊಪ್ಪಳದಲ್ಲಿ, ರಾಯಚೂರಿನಲ್ಲಿ, ಬಳ್ಳಾರಿಯಲ್ಲಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ, ಬಳ್ಳಾರಿಯದು ಹಳೆಯದು, ಜನ ಈಗಲೂ ವಿಮ್ಸ್ ಅಂತಲೇ ಕರೆಯುತ್ತಾರೆ. ಅಲ್ಲಿನ ಮಾನಸಿಕ ವಿಭಾಗದಲ್ಲಿ ಕೇಳಬಹುದು. ಅಲ್ಲೂ ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್, ಅದು ಸರ್ಕಾರಿ ಮಾನಸಿಕ ಆಸ್ಪತ್ರೆ. ಕೊಪ್ಪಳದಿಂದ ಹುಬ್ಬಳ್ಳಿ ಕಡೆ ರೈಲು ಇದ್ದೇ ಇದೆ. ಅದನ್ನೂ ಬಿಟ್ಟರೆ ಬೆಂಗಳೂರಿನ ದೊಡ್ಡ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಆದರೆ ಹೊರರೋಗಿ ವಿಭಾಗದ ಗದ್ದಲ ನಿಮಗೆ ಕಷ್ಟ ಆಗಬಹುದು. ಕಿವಿಗೆ ಹತ್ತಿ ಇಟ್ಟುಕೊಂಡೇ ಹೋಗಿ, ಹೆಂಡತಿ ಸರದಿಯಲ್ಲಿ ನಿಲ್ಲಲಿ.

ಖಾಸಗಿಯಾಗಿ ಹೋಗುವುದಾದರೆ ಒಂದೇ ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ, ಆಮೇಲೆ ದೊಡ್ಡವರಿಗೆ ಆಟಿಸಂ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿ. ಎರಡನೇ ಪ್ರಶ್ನೆ ಕೇಳಲು ನಾಚಿಕೆ ಬೇಡ. ಮಕ್ಕಳನ್ನು ಮಾತ್ರ ನೋಡಿದವರಿಗೆ ನಿಮ್ಮದು ಗೊತ್ತಾಗದೆ ಹೋಗಬಹುದು.

ಆ ಡಾಕ್ಟರ್ ‘ಮಕ್ಕಳಿಗೆ ಬರೋದು’ ಅಂದಿದ್ದು ತಪ್ಪು. ಆಟಿಸಂ ಇರುವ ಮಗು ದೊಡ್ಡದಾದರೆ ಆಟಿಸಂ ಇರುವ ದೊಡ್ಡವರೇ ಆಗುತ್ತಾರೆ, ಅಲ್ವಾ? 1943ರಲ್ಲಿ ಕ್ಯಾನರ್ ಅನ್ನುವ ಡಾಕ್ಟರ್ ಮೊದಲು ಬರೆದಾಗ 11 ಮಕ್ಕಳ ಬಗ್ಗೆ ಬರೆದಿದ್ದರು. ಆಗಿನಿಂದ ಎಲ್ಲರ ತಲೆಯಲ್ಲೂ ಮಕ್ಕಳ ಚಿತ್ರವೇ ಕೂತಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಹೊಸದಾಗಿ ಬಂದಾಗ ಮಾತು, ಬುದ್ಧಿ ಚೆನ್ನಾಗಿದ್ದವರಿಗೆ ಇಟ್ಟಿದ್ದ ಆಸ್ಪರ್ಜರ್ ಅನ್ನುವ ಬೇರೆ ಹೆಸರು ತೆಗೆದು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಅಂತ ಒಂದೇ ಕಡೆ ತಂದರು. ಲಕ್ಷಣ ಸಣ್ಣಂದಿನಿಂದ ಇರಬೇಕು, ಆದರೆ ಜವಾಬ್ದಾರಿ ಮೈಮೇಲೆ ಬೀಳುವವರೆಗೆ ಪೂರ್ತಿ ಕಾಣಿಸದೇ ಇರಬಹುದು ಅಂತ ಅದರಲ್ಲೇ ಇದೆ. ಶಬ್ದ, ಬಟ್ಟೆ, ಬೆಳಕು ತಡೆಯದೇ ಇರುವುದನ್ನೂ ಆವಾಗಲೇ ಸೇರಿಸಿದ್ದು. ನಿಮ್ಮ ಬನಿಯನ್ ಲೇಬಲ್ ಸಣ್ಣ ವಿಷಯ ಅಲ್ಲ ಸರ್, ಅದನ್ನೂ ಹಾಳೆಯಲ್ಲಿ ಬರೆಯಿರಿ.

ನಮ್ಮ ಕಾನೂನಿನಲ್ಲೂ ಹಾಗೇ ಆಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆಯಲ್ಲಿ ಒಟ್ಟು 21 ಬಗೆ ಮಾಡಿದಾಗ ಬಂತು. ನೀವು ಶಾಲೆಯಲ್ಲಿದ್ದಾಗ ಮಾಸ್ತರರಿಗೆ, ಡಾಕ್ಟರಿಗೆ ಈ ಹೆಸರು ಬಾಯಿಗೆ ಬರುವ ಕಾಲವೇ ಅಲ್ಲ. ಅದರ ಮೇಲೆ ನಮ್ಮ ಕಡೆ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡದ ಹುಡುಗನಿಗೆ ‘ಮರ್ಯಾದಸ್ಥ’ ಅಂತಾರೆ. ಹೇಗೆ ಗೊತ್ತಾಗಬೇಕು?

ಇನ್ನೊಂದು ಹೇಳಲೇಬೇಕು, ಇದು ನಮ್ಮ ಸೀಮೆಯ ವಿಷಯ. ದೇಶದಲ್ಲಿ ಇವತ್ತು ಜಿಲ್ಲೆ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ನಡೆಯುತ್ತಿದೆಯಲ್ಲ, ಅದು ಮೊದಲು ಪ್ರಯೋಗ ಆಗಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1985ರಲ್ಲಿ ನಿಮ್ಹಾನ್ಸ್‌ನವರು ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ‘ಬಳ್ಳಾರಿ ಮಾದರಿ’ ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಅದನ್ನೇ ಹಿಡಿದು ಬೇರೆ ರಾಜ್ಯಗಳಲ್ಲೂ ಶುರು ಮಾಡಿದರು. ಇಂಥ ಕೆಲಸ ಹುಟ್ಟಿದ ಸೀಮೆಯಲ್ಲಿ ದೊಡ್ಡವರೊಬ್ಬರು ಆಟಿಸಂ ಅಂತ ಕೇಳಿಕೊಂಡು ಬಂದರೆ ಐದು ನಿಮಿಷದಲ್ಲಿ ವಾಪಸ್ ಕಳಿಸುತ್ತಾರೆ ಅಂದರೆ ನನಗೆ ನಿಜವಾಗಲೂ ನೋವಾಗುತ್ತದೆ.

ಆಟಿಸಂಗೆ ಅಂತಲೇ ಮಾತ್ರೆ ಇಲ್ಲ. ಜೊತೆಗೆ ಆತಂಕ, ನಿದ್ದೆ ಇಲ್ಲದಿರುವುದು ಇದ್ದರೆ ಅದಕ್ಕೆ ಇದೆ. ಯಾರಾದರೂ ‘ಪೂರ್ತಿ ವಾಸಿ ಮಾಡುತ್ತೇವೆ’ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಈ ಓಡಾಟದ ನಡುವೆ ರಾತ್ರಿ ಹೊತ್ತು ಮನಸ್ಸು ತೀರಾ ಭಾರ ಅನ್ನಿಸಿದರೆ ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ತಾಯಿಗೆ ಹೇಳುವಾಗ ಒಂದನ್ನು ಸ್ಪಷ್ಟವಾಗಿ ಹೇಳಿ. ಇದು ಸಾಕಿದ ರೀತಿಯಿಂದ ಬರುವುದಲ್ಲ. ತಾಯಿ ಪ್ರೀತಿ ಕಡಿಮೆಯಾದರೆ ಹೀಗಾಗುತ್ತದೆ ಅಂತ ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳಿ ಎಷ್ಟೋ ತಾಯಂದಿರನ್ನು ಅಳಿಸಿದರು. ಅದು ಸುಳ್ಳು ಅಂತ ಗೊತ್ತಾಗಿ ಬಹಳ ಕಾಲವಾಯಿತು. ಮನೆತನದಲ್ಲಿ ಹರಿದು ಬರುವುದು ಜಾಸ್ತಿ. ನಿಮ್ಮ ಅಕ್ಕನ ಮಗನದೂ ನಿಮ್ಮದೂ ಒಂದೇ ಬೇರು ಇರಬಹುದು.


ಕುಷ್ಟಗಿ ಮಾಸ್ತರ

ನಾನು ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಅಲ್ಲೇ ಇರಲಿ. ಆದರೆ ಇವರೆಲ್ಲರದನ್ನೂ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಒಬ್ಬ ಹುಡುಗ ಇದ್ದ ನನ್ನ ಹತ್ತಿರ, 90ರ ಆಸುಪಾಸು. ಹಾಜರಿ ಕರೆದರೆ ‘ಹಾಜರ್ ಸರ್’ ಅನ್ನುತ್ತಿರಲಿಲ್ಲ. ಕಿಟಕಿ ಹತ್ತಿರದ ಜಾಗ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ. ಒಂದು ದಿನ ಇನ್ಸ್‌ಪೆಕ್ಷನ್ ಇತ್ತು, ಎತ್ತರದ ಹುಡುಗರು ಹಿಂದೆ ಅಂತ ಅವನನ್ನು ಎಬ್ಬಿಸಿ ಹಿಂದೆ ಕೂರಿಸಿದೆ. ಅವನು ಕಿವಿ ಮುಚ್ಚಿಕೊಂಡು ಕಿರುಚಿದ. ಸಾಹೇಬರ ಮುಂದೆ ಮರ್ಯಾದೆ ಹೋಯಿತು ಅಂತ ಅವರು ಹೋದ ಮೇಲೆ ಅವನಿಗೆ ಹುಣಸೆ ಬರಲಿನಿಂದ ಹೊಡೆದೆ. ಹೊಡೆಯುವಾಗ ಅವನು ನನ್ನ ಮುಖ ನೋಡಲೇ ಇಲ್ಲ, ಅದಕ್ಕೆ ಇನ್ನೊಂದು ಏಟು ಜಾಸ್ತಿ ಕೊಟ್ಟೆ. ಮರುವಾರದಿಂದ ಶಾಲೆಗೆ ಬರಲಿಲ್ಲ. ದನ ಕಾಯಲು ಹಚ್ಚಿದರು ಅಂತ ಕೇಳಿದೆ.

ತಮ್ಮಾ, ನೀವು ಹೋಗಿ ತೋರಿಸಿಕೊಳ್ಳಿ. ನಿಮ್ಮ ಶಾಲೆಯ ಹಳೇ ದಾಖಲೆ ಬೇಕು ಅಂದರೆ ಮುಖ್ಯ ಗುರುಗಳಿಗೆ ಒಂದು ಅರ್ಜಿ ಬರೆದು ಕೊಡಿ. ದಾಖಲಾತಿ ರಜಿಸ್ಟರನ್ನು ಶಾಲೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ, ಅದರಲ್ಲಿ ಸ್ವಭಾವದ ಬಗ್ಗೆ ಏನೂ ಇರುವುದಿಲ್ಲ ನಿಜ, ಆದರೆ ಆಗ ಕಲಿಸಿದ ಮಾಸ್ತರರು ಯಾರು ಅಂತ ಹುಡುಕಬಹುದು. ನಮ್ಮಂಥವರು ಇನ್ನೂ ಬದುಕಿದ್ದೇವೆ. ಕೇಳಿದರೆ ನೆನಪು ಮಾಡಿಕೊಂಡು ಹೇಳುತ್ತೇವೆ.


ಗಂಗಾವತಿಯವ

ಮಾಸ್ತರ್ರೇ, ಏನು ಬರೆಯಬೇಕು ಅಂತ ಗೊತ್ತಾಗುತ್ತಿಲ್ಲ. ನೀವು ಹೇಳಿದ್ದು ಮಾತ್ರ ಮರೆಯುವುದಿಲ್ಲ.

ನಿನ್ನೆ ಭಾನುವಾರ ಅವ್ವನಿಗೆ ಹೇಳಿದೆ. ಅವಳು ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎದುರಿಗೆ ಕೂತರೆ ನನಗೆ ಆಗುವುದಿಲ್ಲ, ಪಕ್ಕಕ್ಕೆ ಕೂತು ಬೇಳೆ ನೋಡುತ್ತಲೇ ಹೇಳಿದೆ. ಅಕ್ಕನ ಮಗನಿಗೆ ಇರುವುದೇ ನನಗೂ ಇರಬಹುದು, ತೋರಿಸಬೇಕು, ನೀನು ಬರಬೇಕು ಅಂತ. ರಾಯಚೂರು ಮೇಡಂ ಹೇಳಿದ ಹಾಗೆ, ಇದು ನೀನು ಸಾಕಿದ್ದರಿಂದ ಆದದ್ದಲ್ಲ ಅಂತ ಮೊದಲೇ ಹೇಳಿಬಿಟ್ಟೆ.

ಅವ್ವ ಬೇಳೆ ಕೇರುವುದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ನೀ ಮೂರು ವರ್ಷದಾವ ಇದ್ದಾಗ ಹುಣಸೀ ಬೀಜ ಈ ಗ್ವಾಡಿಯಿಂದ ಆ ಗ್ವಾಡಿತನಕ ಸಾಲಿಗೆ ಇಡ್ತಿದ್ದಿ’ ಅಂದಳು. ‘ಸಣ್ಣವು ಈ ಕಡೆ, ದೊಡ್ಡವು ಆ ಕಡೆ. ಕಸಾ ಹೊಡೆಯೋ ಮುಂದ ಒಂದು ಸರದ್ರೂ ಉಸಿರು ಕಟ್ಟೋ ಹಂಗ ಅಳ್ತಿದ್ದಿ. ನಾ ಆ ಸಾಲು ಬಿಟ್ಟು ಎರಡೂ ಬಾಜೂಕ ಕಸಾ ಹೊಡೀತಿದ್ದೆ. ನಿಮ್ಮಪ್ಪ ಬೈತಿದ್ರು.’

ಇದು ನನಗೆ ಗೊತ್ತೇ ಇರಲಿಲ್ಲ. ಒಂದು ಚೂರೂ ನೆನಪಿಲ್ಲ.

ಎಲ್ಲಾ ಹಾಳೆಯಲ್ಲಿ ಬರೆದುಕೊಂಡಿದ್ದೇನೆ, ಮೂರು ಪುಟ ಆಯಿತು. ಆಸ್ಪತ್ರೆಗೆ ಫೋನ್ ಮಾಡುವುದು ನನ್ನಿಂದ ಆಗುವುದಿಲ್ಲ, ಹೆಂಡತಿ ಮಾಡುತ್ತಾಳೆ. ಬರುವ ಮಂಗಳವಾರ ಮಿಲ್ಲಿಗೆ ರಜೆ ಹೇಳಿದ್ದೇನೆ. ಅವ್ವನೂ ಬರುತ್ತಾಳೆ. ‘ಡಾಕ್ಟರ್ ಕೇಳ್ತಾರ ಅಂದ್ರ ಎಲ್ಲಾ ನೆನಪು ಮಾಡ್ಕೊಬೇಕು’ ಅಂತ ನಿನ್ನೆಯಿಂದ ಒಂದೊಂದೇ ನೆನಪು ಮಾಡಿಕೊಂಡು ಹೇಳುತ್ತಿದ್ದಾಳೆ. ಈಗಷ್ಟೇ ಬಂದು, ಎಮ್ಮೆಗೆ ಗಂಟೆ ಕಟ್ಟಿದ್ದಕ್ಕೆ ನಾನು ಎರಡು ದಿನ ಅಂಗಳಕ್ಕೇ ಬರಲಿಲ್ಲ ಅಂತ ಹೇಳಿ ಹೋದಳು. ಅದನ್ನೂ ಬರೆದುಕೊಳ್ಳುತ್ತಿದ್ದೇನೆ.